150 ಜನ, ಒಂದೇ ಫೈಲು: ಯಾವ ಹಗುರ ಡೇಟಾಬೇಸ್ ತಾಳುತ್ತದೆ?

ಪ್ರಶ್ನೆ: ನಮ್ಮ ಸಂಸ್ಥೆಯೊಳಗೆ ಬರುವ ದೂರುಗಳನ್ನು ದಾಖಲಿಸಲು ಒಂದು ಸಣ್ಣ ಸಾಫ್ಟ್‌ವೇರ್ ಬರೆದಿದ್ದೇನೆ. ಡೇಟಾಬೇಸ್ ಎಸ್‌ಕ್ಯೂಎಲೈಟ್. ಫೈಲು ನೆಟ್‌ವರ್ಕಿನ ಶೇರ್ಡ್ ಫೋಲ್ಡರಿನಲ್ಲಿದೆ. ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್ ಆ ಫೈಲನ್ನು ನೇರವಾಗಿ ತೆರೆಯುತ್ತದೆ. ಹತ್ತು ಜನ ಇದ್ದಾಗ ಚೆನ್ನಾಗಿಯೇ ಇತ್ತು. ಈಗ ಒಂದೇ ಹೊತ್ತಿಗೆ 150 ಜನ ಬಳಸುತ್ತಾರೆ. ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ಸಂದೇಶ ದಿನವೂ ಬರುತ್ತದೆ. ಎರಡು ಸಲ ಫೈಲೇ ಕೆಟ್ಟುಹೋಯಿತು. ದೊಡ್ಡ ಡೇಟಾಬೇಸ್ ಸರ್ವರ್ ಹಾಕಿ ನೋಡಿಕೊಳ್ಳಲು ನಮ್ಮಲ್ಲಿ ಜನ ಇಲ್ಲ. ಇಷ್ಟು ಜನರನ್ನು ತಾಳಿಕೊಳ್ಳುವ, ಫೈಲಿನಲ್ಲೇ ಇರುವ ಬೇರೆ ಹಗುರ ಡೇಟಾಬೇಸ್ ಯಾವುದು? ಕೆಟ್ಟ ಫೈಲಿನಿಂದ ಏನಾದರೂ ಉಳಿಸಿಕೊಳ್ಳಬಹುದಾ?

ಉತ್ತರ: ಡೇಟಾಬೇಸ್ ಬದಲಿಸಬೇಡಿ. ಫೈಲು ಇರುವ ಜಾಗ ಬದಲಿಸಿ. ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಶೇರ್ಡ್ ಫೋಲ್ಡರಿನಲ್ಲಿ ಫೈಲು ಇಟ್ಟು, 150 ಕಂಪ್ಯೂಟರುಗಳು ಅದನ್ನು ನೇರವಾಗಿ ತೆರೆದು ಬರೆಯುವ ಪದ್ಧತಿ ಇರುವವರೆಗೂ ಯಾವ ಫೈಲ್ ಡೇಟಾಬೇಸ್ ತಂದರೂ ಇದೇ ಕಥೆ. ಆ ಪದ್ಧತಿ ಬಿಟ್ಟರೆ ಈಗಿರುವ ಎಸ್‌ಕ್ಯೂಎಲೈಟೇ ನಿಮಗೆ ಸಾಕಾಗುವ ಸಾಧ್ಯತೆ ಜಾಸ್ತಿ.

‘150 ಜನ’ ಎಂಬ ಲೆಕ್ಕದಿಂದ ಶುರು ಮಾಡೋಣ. ಈ ಸಂಖ್ಯೆ ಕೇಳಿದ ಕೂಡಲೇ ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಡೇಟಾಬೇಸಿಗೆ ಜನ ಕಾಣುವುದಿಲ್ಲ. ಅದಕ್ಕೆ ಕಾಣುವುದು ಎರಡೇ: ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಬರೆಯಬೇಕು, ಪ್ರತಿ ಸಲ ಬರೆಯುವವರು ಎಷ್ಟು ಹೊತ್ತು ಲಾಕ್ (ಒಬ್ಬರು ಬರೆಯುವಾಗ ಬೇರೆಯವರನ್ನು ತಡೆಯುವ ಬೀಗ) ಹಿಡಿದುಕೊಂಡಿರುತ್ತಾರೆ. ನಿಮ್ಮ 150 ಜನರಲ್ಲಿ ಪ್ರತಿಯೊಬ್ಬರೂ ನಿಮಿಷಕ್ಕೊಂದು ಸಲ ‘ಸೇವ್’ ಒತ್ತುತ್ತಾರೆ ಎಂದುಕೊಳ್ಳಿ. ದೂರು ದಾಖಲಿಸುವ ಕೆಲಸಕ್ಕೆ ಇದು ಜೋರಾದ ವೇಗವೇ. ಆದರೂ ಸೆಕೆಂಡಿಗೆ ಬರುವುದು 2.5 ಬರಹ. ಒಂದು ಬರಹಕ್ಕೆ 5 ಮಿಲಿಸೆಕೆಂಡ್ ಹಿಡಿದರೆ, ಸೆಕೆಂಡಿನ 1,000 ಮಿಲಿಸೆಕೆಂಡಿನಲ್ಲಿ ಲಾಕ್ ಬಳಕೆಯಾಗುವುದು 12.5 ಮಾತ್ರ. ಉಳಿದ ಹೊತ್ತೆಲ್ಲ ಡೇಟಾಬೇಸ್ ಸುಮ್ನೆ ಕೂತಿರುತ್ತದೆ. ಎಲ್ಲರೂ ಒಟ್ಟಿಗೆ ಮುಗಿಬಿದ್ದು ಹತ್ತು ಪಟ್ಟು ಬರೆದರೂ 125 ಮಿಲಿಸೆಕೆಂಡ್. ಎಂಟರಲ್ಲಿ ಒಂದು ಪಾಲು.

ಈಗ ಅದೇ ಲೆಕ್ಕದಲ್ಲಿ ಒಂದು ಸಂಖ್ಯೆ ಬದಲಿಸಿ ನೋಡಿ. ಪ್ರತಿ ಬರಹವೂ ಎರಡು ಸೆಕೆಂಡ್ ಲಾಕ್ ಹಿಡಿಯುತ್ತದೆ ಎಂದುಕೊಳ್ಳಿ. ಒಂದು ಸೆಕೆಂಡಿನಲ್ಲಿ ಐದು ಸೆಕೆಂಡಿನ ಕೆಲಸ ಬಂದು ಬೀಳುತ್ತದೆ. ಸಾಲು ಬೆಳೆಯುತ್ತಲೇ ಹೋಗುತ್ತದೆ, ಯಾವತ್ತೂ ಕರಗುವುದಿಲ್ಲ. ಜನ ಅಷ್ಟೇ, ಡೇಟಾಬೇಸ್ ಅದೇ, ಆದರೆ ಒಂದು ಕಡೆ ಹಾಯಾಗಿದೆ, ಇನ್ನೊಂದು ಕಡೆ ಉಸಿರುಕಟ್ಟಿದೆ.

ಇದು ಸುಮ್ಮನೆ ಕಲ್ಪಿಸಿ ಹೇಳಿದ ಲೆಕ್ಕ ಅಲ್ಲ. ಒಂದು ಕಡೆ ಇಂಥದ್ದೇ ತೊಂದರೆಯ ಮೂಲ ಹುಡುಕಲು ನಾನು ಕೂತಿದ್ದೆ. ಬಳಸುವವರು ನಲವತ್ತು ಜನವೂ ಇರಲಿಲ್ಲ, ಆದರೂ ಲಾಕ್ ಸಂದೇಶ ನಿಲ್ಲುತ್ತಿರಲಿಲ್ಲ. ಕೋಡ್ ಓದಿದಾಗ ಗೊತ್ತಾಯಿತು. ಟ್ರಾನ್ಸಾಕ್ಷನ್ (ಪೂರ್ತಿ ಆದರೆ ಮಾತ್ರ ಉಳಿಯುವ ಬರಹಗಳ ಒಂದು ಗುಂಪು) ಶುರು ಮಾಡಿ, ಟೇಬಲ್ಲಿಗೆ ಒಂದು ಸಾಲು ಸೇರಿಸಿ, ಸಂಬಂಧಪಟ್ಟವರಿಗೆ ಇ-ಮೇಲ್ ಕಳಿಸಿ, ಅದು ಹೋಯಿತು ಎಂದು ಖಚಿತವಾದ ಮೇಲೆ ಕಮಿಟ್ ಮಾಡುತ್ತಿದ್ದರು, ಅಂದರೆ ಬರಹವನ್ನು ಖಾಯಂ ಮಾಡುತ್ತಿದ್ದರು. ಬರೆದವರ ಉದ್ದೇಶ ಒಳ್ಳೆಯದೇ: ಮೇಲ್ ಹೋಗದಿದ್ದರೆ ದಾಖಲೆಯೂ ಬೇಡ ಅಂತ. ಆದರೆ ಮೇಲ್ ಸರ್ವರ್ ನಿಧಾನವಾದ ದಿನ ಇಡೀ ಕಚೇರಿ ಒಬ್ಬರ ಮೇಲ್ ಹೋಗಲಿ ಎಂದು ಕಾಯುತ್ತಿತ್ತು. ಮೇಲ್ ಕಳಿಸುವ ಸಾಲನ್ನು ಕಮಿಟ್ ಆದ ನಂತರಕ್ಕೆ ಸರಿಸಿದೆವು. ಕಳಿಸಬೇಕಾದ ಮೇಲ್‌ಗಳಿಗೆ ಒಂದು ಸಣ್ಣ ಟೇಬಲ್ ಮಾಡಿ, ಅದನ್ನು ಬೇರೊಂದು ಕೆಲಸಗಾರ ಪ್ರೋಗ್ರಾಂಗೆ ಒಪ್ಪಿಸಿದೆವು. ಲಾಕ್ ಸಂದೇಶ ಅಂದೇ ನಿಂತಿತು. ನಿಮ್ಮ ಕೋಡಿನಲ್ಲೂ ಮೊದಲು ಇದನ್ನೇ ಹುಡುಕಿ. ಟ್ರಾನ್ಸಾಕ್ಷನ್ ತೆರೆದಿರುವಾಗ ನೆಟ್‌ವರ್ಕಿಗೆ ಹೋಗುವ ಕೆಲಸ, ದೊಡ್ಡ ಫೈಲ್ ಓದುವ ಕೆಲಸ, ಬಳಕೆದಾರರ ಮುಂದೆ ‘ಹೌದಾ, ಇಲ್ಲವಾ’ ಎಂದು ಕೇಳುವ ಕಿಟಕಿ, ಇವು ಯಾವುದೂ ಇರಬಾರದು.

ಇನ್ನು ಶೇರ್ಡ್ ಫೋಲ್ಡರಿನ ವಿಷಯ. ನಿಮ್ಮ ಫೈಲು ಎರಡು ಸಲ ಕೆಟ್ಟದ್ದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಎಸ್‌ಕ್ಯೂಎಲೈಟ್ ಒಂದು ಸರ್ವರ್ ಅಲ್ಲ. ನಿಮ್ಮ ಪ್ರೋಗ್ರಾಮಿನ ಒಳಗೇ ಸೇರಿಕೊಳ್ಳುವ ಲೈಬ್ರರಿ. 2000ನೇ ಇಸವಿಯಲ್ಲಿ ರಿಚರ್ಡ್ ಹಿಪ್ ಅದನ್ನು ಶುರು ಮಾಡಿದ್ದೇ ಸರ್ವರಿನ ಕಾಟ ತಪ್ಪಿಸಲು. ಅವರು ಆಗ ಅಮೆರಿಕದ ನೌಕಾಪಡೆಯ ಹಡಗಿಗೆ ಬೇಕಾದ ಒಂದು ಸಾಫ್ಟ್‌ವೇರಿನ ಮೇಲೆ ಕೆಲಸ ಮಾಡುತ್ತಿದ್ದರು. ಡೇಟಾಬೇಸ್ ಸರ್ವರ್ ನಿಂತರೆ ಸಾಫ್ಟ್‌ವೇರೂ ನಿಲ್ಲುತ್ತಿತ್ತು. ಡಿಸ್ಕಿನಲ್ಲಿರುವ ಫೈಲನ್ನು ನೇರವಾಗಿ ಓದಿಬಿಟ್ಟರೆ ಆ ಕಾಟವೇ ಇರುವುದಿಲ್ಲ ಅಲ್ವಾ, ಎಂಬುದು ಅದರ ಹುಟ್ಟಿನ ಯೋಚನೆ. ಹಾಗಾಗಿ ಬರೆಯುವವರ ನಡುವೆ ನಿಂತು ‘ನಿಮ್ಮದು ಮೊದಲು, ನಿಮ್ಮದು ಆಮೇಲೆ’ ಎನ್ನಲು ಅಲ್ಲಿ ಯಾರೂ ಇಲ್ಲ. ಆ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ಮಿನ ಫೈಲ್ ಲಾಕ್ ಮಾಡುತ್ತದೆ. ಫೈಲು ಅದೇ ಕಂಪ್ಯೂಟರಿನ ಡಿಸ್ಕಿನಲ್ಲಿದ್ದರೆ ಆ ಲಾಕನ್ನು ನಂಬಬಹುದು.

ನೆಟ್‌ವರ್ಕಿನ ಮೇಲೆ ಹಾಗಲ್ಲ. ಲಾಕ್ ಬೇಕು ಎಂಬ ಕೋರಿಕೆ ತಂತಿ ದಾಟಿ ಹೋಗಬೇಕು, ಉತ್ತರ ವಾಪಸ್ ಬರಬೇಕು. ನಡುವೆ ಪ್ರತಿ ಕಂಪ್ಯೂಟರೂ ವೇಗಕ್ಕಾಗಿ ಫೈಲಿನ ತುಣುಕುಗಳನ್ನು ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಕೆಲವು ನೆಟ್‌ವರ್ಕ್ ಫೈಲ್ ವ್ಯವಸ್ಥೆಗಳಲ್ಲಿ ಲಾಕ್ ಸಿಗದಿದ್ದರೂ ‘ಸಿಕ್ಕಿತು’ ಎಂಬ ಉತ್ತರ ಬರುವ ದೋಷಗಳಿವೆ. ಇಬ್ಬರಿಗೆ ಒಟ್ಟಿಗೆ ‘ನೀವೇ ಬರೆಯಿರಿ’ ಎಂದು ಹೇಳಿದರೆ ಇಬ್ಬರೂ ಬರೆಯುತ್ತಾರೆ. ಒಬ್ಬರು ಇಂಡೆಕ್ಸಿನ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಯ) ಒಂದು ಪುಟ, ಅಂದರೆ ಫೈಲಿನ ಒಂದು ತುಣುಕು, ಬದಲಿಸುವಾಗ ಇನ್ನೊಬ್ಬರು ಹಳೆಯ ಪುಟ ನೋಡಿಕೊಂಡು ಅದರ ಮೇಲೆಯೇ ಬರೆಯುತ್ತಾರೆ. ಫೈಲು ಆ ಕ್ಷಣವೇ ಕೆಟ್ಟಿರುತ್ತದೆ. ಗೊತ್ತಾಗುವುದು ಮಾತ್ರ ಎಷ್ಟೋ ದಿನದ ನಂತರ, ಯಾರೋ ಆ ಪುಟವನ್ನು ಓದಲು ಹೋದಾಗ. ಹಾಗಾಗಿ ತಪ್ಪು ಹುಡುಕುವುದೂ ಕಷ್ಟ.

ಕ್ಲೌಡಿಗೆ ತಾನಾಗಿ ನಕಲು ಮಾಡುವ ಸಿಂಕ್ ಫೋಲ್ಡರುಗಳಲ್ಲೂ ಜೀವಂತ ಡೇಟಾಬೇಸ್ ಇಡಬಾರದು. ಅವು ಲಾಕನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಬರಹ ಅರ್ಧ ಆಗಿರುವಾಗಲೇ ಫೈಲನ್ನು ಎತ್ತಿಕೊಂಡು ಹೋಗುತ್ತವೆ.

ಇಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಶೇರ್ಡ್ ಫೋಲ್ಡರಿನಲ್ಲಿ ಹಲವರು ಬಳಸಲೆಂದೇ ಅದರಲ್ಲಿ ಏರ್ಪಾಡು ಇದೆ, ನಿಜ. ಒಟ್ಟಿಗೆ 255 ಜನ ಎಂದು ಅದರ ಮಿತಿಗಳ ಪಟ್ಟಿಯಲ್ಲಿದೆ, ಫೈಲಿನ ಗಾತ್ರಕ್ಕೆ 2 ಜಿಬಿ ಮಿತಿ. ಆದರೆ 255 ಎಂಬುದು ಬಾಗಿಲು ತೆರೆದಿರುವ ಸಂಖ್ಯೆ, ಒಳಗೆ ಆರಾಮವಾಗಿ ಕೂರುವ ಸಂಖ್ಯೆ ಅಲ್ಲ. ಅಲ್ಲೂ ಪ್ರತಿ ಕಂಪ್ಯೂಟರು ಫೈಲಿನ ಪುಟಗಳನ್ನು ನೆಟ್‌ವರ್ಕಿನಿಂದ ಎಳೆದುಕೊಂಡು, ತಾನೇ ತಿದ್ದಿ, ವಾಪಸ್ ಬರೆಯುತ್ತದೆ. ಬರೆಯುವ ಮಧ್ಯೆ ಒಬ್ಬರ ಸಂಪರ್ಕ ಕಡಿದರೆ ಫೈಲು ಎಲ್ಲರಿಗೂ ಕೆಡಬಹುದು. 150 ಜನ ಬರೆಯುವ ಕಡೆಗೆ ನಾನು ಅದನ್ನು ಸೂಚಿಸುವುದಿಲ್ಲ.

ಹಾಗಾದರೆ ದಾರಿ ಏನು? ಫೈಲನ್ನು ಒಂದೇ ಕಂಪ್ಯೂಟರಿನ ಸ್ವಂತ ಡಿಸ್ಕಿನಲ್ಲಿ ಇಡಿ. ಆ ಕಂಪ್ಯೂಟರಿನಲ್ಲಿ ನೀವೇ ಬರೆದ ಒಂದು ಸಣ್ಣ ಪ್ರೋಗ್ರಾಂ ಮಾತ್ರ ಆ ಫೈಲನ್ನು ತೆರೆಯಲಿ. ಉಳಿದ 150 ಕಂಪ್ಯೂಟರುಗಳು ಫೈಲನ್ನು ಮುಟ್ಟದೆ ಆ ಪ್ರೋಗ್ರಾಂ ಜೊತೆ ಎಚ್‌ಟಿಟಿಪಿಯಲ್ಲಿ, ಅಂದರೆ ಬ್ರೌಸರುಗಳು ಬಳಸುವ ಪದ್ಧತಿಯಲ್ಲಿ, ಮಾತಾಡಲಿ: ‘ಈ ದೂರು ಸೇರಿಸು’, ‘ಈ ಪಟ್ಟಿ ಕೊಡು’ ಅಂತ. ಸಾಧ್ಯವಾದರೆ ಪೂರ್ತಿ ವೆಬ್ ಅಪ್ಲಿಕೇಶನ್ನೇ ಮಾಡಿಬಿಡಿ, ಜನ ಬ್ರೌಸರಿನಲ್ಲಿ ತೆರೆಯುತ್ತಾರೆ. ‘ಸರ್ವರ್ ಬೇಡ ಎಂದು ಹೇಳಿದರೆ ಇವರು ಸರ್ವರ್ ಬರೆಯಿರಿ ಎನ್ನುತ್ತಾರಲ್ಲ’ ಎಂದು ನಿಮಗೆ ಅನ್ನಿಸಬಹುದು. ನೀವು ಬೇಡ ಎಂದದ್ದು ಡೇಟಾಬೇಸ್ ಸರ್ವರಿನ ನಿರ್ವಹಣೆ. ಅದರ ಬಳಕೆದಾರರು, ಪಾಸ್‌ವರ್ಡು, ಅಪ್‌ಗ್ರೇಡು, ಮೆಮೊರಿ ಹೊಂದಿಸುವ ಕೆಲಸ. ಅದು ಯಾವುದೂ ಇಲ್ಲಿ ಬರುವುದಿಲ್ಲ. ಬರುವುದು ನಿಮ್ಮದೇ ಕೋಡು, ನಿಮಗೆ ಗೊತ್ತಿರುವ ಭಾಷೆಯಲ್ಲಿ. ಹಗುರತನ ಹಾಗೆಯೇ ಉಳಿಯುತ್ತದೆ, ಲಾಕ್ ನಂಬುವಂತಾಗುತ್ತದೆ.

ಇಷ್ಟು ಮಾಡಿದರೆ ಎಸ್‌ಕ್ಯೂಎಲೈಟ್ ಎಷ್ಟು ತಾಳುತ್ತದೆ? ಅದನ್ನು ಬೆಳೆಸುವವರು ತಮ್ಮದೇ ಜಾಲತಾಣವನ್ನು ಅದರ ಮೇಲೆಯೇ ನಡೆಸುತ್ತಾರೆ. ದಿನಕ್ಕೆ ನಾಲ್ಕೈದು ಲಕ್ಷ ಕೋರಿಕೆ ಬರುತ್ತದೆ, ಅದರಲ್ಲಿ ನೂರಕ್ಕೆ 15ರಿಂದ 20 ಡೇಟಾಬೇಸನ್ನು ಮುಟ್ಟುತ್ತವೆ ಎಂದು ಅವರೇ ಬರೆದುಕೊಂಡಿದ್ದಾರೆ. ದಿನಕ್ಕೆ ಒಂದು ಲಕ್ಷಕ್ಕಿಂತ ಕಡಿಮೆ ಭೇಟಿ ಇರುವ ತಾಣಕ್ಕೆ ಯೋಚನೆಯೇ ಬೇಡ ಎಂಬುದು ಅವರ ಲೆಕ್ಕ. ಅದು ಬೇಕೆಂದೇ ಕಡಿಮೆ ಹೇಳಿದ ಅಂಕಿ. ನಿಮ್ಮ ಬಳಕೆ ಇದರ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಹೊಂದಿಸದೆ ಬಿಟ್ಟರೆ ಇದೂ ಕೈಕೊಡುತ್ತದೆ. ಎಸ್‌ಕ್ಯೂಎಲೈಟ್ ತಾನಾಗಿ ಬರುವ ಸ್ಥಿತಿಯಲ್ಲಿ ಓದುವವರೂ ಬರೆಯುವವರೂ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ. ಓದುವವರು ಹಂಚಿಕೊಳ್ಳುವ ಲಾಕ್ ಹಿಡಿಯುತ್ತಾರೆ. ಬರೆಯುವವರು ಕೊನೆಗೆ ಫೈಲಿಗೆ ಕೈ ಹಾಕುವಾಗ ಒಳಗೆ ಓದುವವರು ಒಬ್ಬರೂ ಇರಬಾರದು. ನಿಮ್ಮ ಸಾಫ್ಟ್‌ವೇರು ಐದೈದು ಸೆಕೆಂಡಿಗೆ ಪಟ್ಟಿಯನ್ನು ತಾನಾಗಿ ಹೊಸದು ಮಾಡಿಕೊಳ್ಳುತ್ತದಾ? ಹಾಗಿದ್ದರೆ 150 ಕಂಪ್ಯೂಟರಿನಿಂದ ಸೆಕೆಂಡಿಗೆ 30 ಓದು ಬರುತ್ತದೆ. ಓದು ನಿಧಾನವಾದಷ್ಟೂ ಬರೆಯುವವರಿಗೆ ಸಂದು ಸಿಗುವುದಿಲ್ಲ.

ಇದಕ್ಕೆ ಪರಿಹಾರವಾಗಿ 2010ರಲ್ಲಿ, 3.7.0 ಆವೃತ್ತಿಯಲ್ಲಿ ವಾಲ್ ಎಂಬ ವಿಧಾನ ಬಂತು. ರೈಟ್-ಅಹೆಡ್ ಲಾಗ್ ಎಂಬುದರ ಚಿಕ್ಕ ಹೆಸರು ಅದು. ಅಂಗಡಿಯ ಲೆಕ್ಕ ಬರೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಿರ್ದಿ, ಖತಾವಣಿ ಎಂದು ಎರಡು ಪುಸ್ತಕ ಇರುತ್ತವಲ್ಲ, ಹಾಗೆ. ಹೊಸ ಬರಹವೆಲ್ಲ ಮೊದಲು ಕಿರ್ದಿಗೆ, ಅಂದರೆ ಪಕ್ಕದ ವಾಲ್ ಫೈಲಿನ ಕೊನೆಗೆ ಸೇರುತ್ತದೆ. ಖತಾವಣಿಯನ್ನು, ಅಂದರೆ ಮುಖ್ಯ ಫೈಲನ್ನು, ಆ ಹೊತ್ತಿಗೆ ಯಾರೂ ಕೆದಕುವುದಿಲ್ಲ. ಓದುವವರು ತಾವು ಓದಲು ಶುರು ಮಾಡಿದಾಗ ಲೆಕ್ಕ ಹೇಗಿತ್ತೋ ಹಾಗೆಯೇ ಕೊನೆಯವರೆಗೂ ಕಾಣುತ್ತಾರೆ. ಆಗಾಗ ಕಿರ್ದಿಯಿಂದ ಖತಾವಣಿಗೆ ಏರಿಸುವ ಕೆಲಸ ನಡೆಯುತ್ತದೆ. ಅದಕ್ಕೆ ಚೆಕ್‌ಪಾಯಿಂಟ್ ಎನ್ನುತ್ತಾರೆ. ವಾಲ್ ಫೈಲು ಸುಮಾರು 1,000 ಪುಟ ತುಂಬಿದಾಗ ಅದು ತಾನಾಗಿ ನಡೆಯುತ್ತದೆ. ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರು ಓದುವವರನ್ನು ತಡೆಯುವುದಿಲ್ಲ. ಆದರೆ ಬರೆಯುವವರು ಒಂದು ಹೊತ್ತಿಗೆ ಒಬ್ಬರೇ. ಕಿರ್ದಿ ಒಂದೇ, ಪೆನ್ನೂ ಒಂದೇ. ಇದು ಬದಲಾಗುವುದಿಲ್ಲ.

ವಾಲ್ ಹಾಕಲು ‘ಪ್ರಾಗ್ಮಾ ಜರ್ನಲ್ ಮೋಡ್’ ಎಂಬ ಆದೇಶವನ್ನು ಒಮ್ಮೆ ಕೊಟ್ಟರೆ ಸಾಕು, ಫೈಲಿನಲ್ಲೇ ಅದು ಉಳಿಯುತ್ತದೆ. ಆದರೆ ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ವಾಲ್ ವಿಧಾನದಲ್ಲಿ ಫೈಲು ತೆರೆದ ಎಲ್ಲ ಪ್ರೋಗ್ರಾಮುಗಳೂ ಒಂದು ತುಂಡು ಮೆಮೊರಿಯನ್ನು ಹಂಚಿಕೊಳ್ಳಬೇಕು. ಎರಡು ಬೇರೆ ಕಂಪ್ಯೂಟರುಗಳು ಮೆಮೊರಿ ಹಂಚಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಶೇರ್ಡ್ ಫೋಲ್ಡರಿನಲ್ಲಿ ವಾಲ್ ನಡೆಯುವುದಿಲ್ಲ. ‘ವಾಲ್ ಹಾಕಿ, ಸರಿಹೋಗುತ್ತದೆ’ ಎಂದು ಯಾರೋ ಹೇಳಿದ್ದನ್ನು ಕೇಳಿ ಈಗಿರುವ ಜಾಗದಲ್ಲೇ ಹಾಕಿಬಿಟ್ಟೀರಿ, ಜೋಕೆ. ಮೊದಲು ಜಾಗ, ಆಮೇಲೆ ವಾಲ್.

ಮುಂದಿನದು ಕಾಯುವ ಸಮಯ. ಲಾಕ್ ಸಿಗದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂದು ಹೇಳದಿದ್ದರೆ ಎಸ್‌ಕ್ಯೂಎಲೈಟ್ ಕಾಯುವುದೇ ಇಲ್ಲ. ಆ ಕ್ಷಣವೇ ‘ಲಾಕ್ಡ್’ ಎಂಬ ಸಂದೇಶ ಕೊಟ್ಟುಬಿಡುತ್ತದೆ. ಪೈಥಾನಿನ ಲೈಬ್ರರಿ ತಾನಾಗಿ 5 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಬೇರೆ ಭಾಷೆಯಾದರೆ ‘ಬಿಝಿ ಟೈಮ್‌ಔಟ್’ ಅನ್ನು 5,000 ಮಿಲಿಸೆಕೆಂಡಿಗೆ ನೀವೇ ಹೊಂದಿಸಿ. ಇದು ಫೈಲಿನಲ್ಲಿ ಉಳಿಯುವುದಿಲ್ಲ, ಪ್ರತಿ ಸಂಪರ್ಕ ತೆರೆದಾಗಲೂ ಹೇಳಬೇಕು. ನಿಮಗೆ ದಿನವೂ ಬರುತ್ತಿರುವ ಸಂದೇಶಗಳಲ್ಲಿ ಎಷ್ಟೋ ಪಾಲು ಬರೀ ಇದರಿಂದಲೇ ಇರಬಹುದು.

ಟೈಮ್‌ಔಟ್ ಹಾಕಿದ ಮೇಲೂ ಸಂದೇಶ ಬರುತ್ತದೆ, ಅದೂ ಒಂದು ಕ್ಷಣ ಕೂಡ ಕಾಯದೆ ಬರುತ್ತದೆ ಎಂದು ತಲೆ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ. ಕಾರಣ ಸ್ವಲ್ಪ ಸೂಕ್ಷ್ಮ, ನಿಧಾನವಾಗಿ ಹೇಳುತ್ತೇನೆ. ಬರೀ ‘ಬಿಗಿನ್’ ಎಂದರೆ ಟ್ರಾನ್ಸಾಕ್ಷನ್ ಯಾವ ಲಾಕನ್ನೂ ಹಿಡಿಯದೆ ಶುರುವಾಗುತ್ತದೆ. ಮೊದಲು ನೀವು ಒಂದು ದೂರನ್ನು ಓದುತ್ತೀರಿ, ಆಗ ಅದು ಓದುವ ಟ್ರಾನ್ಸಾಕ್ಷನ್. ಆಮೇಲೆ ಅದನ್ನು ತಿದ್ದಲು ಹೋಗುತ್ತೀರಿ, ಆಗ ಅದು ಬರೆಯುವ ಟ್ರಾನ್ಸಾಕ್ಷನ್ ಆಗಬೇಕು. ಆದರೆ ಈ ಎರಡರ ನಡುವೆ ಬೇರೆ ಯಾರೋ ಬರೆದು ಮುಗಿಸಿದ್ದರೆ ನೀವು ಓದಿದ್ದು ಹಳೆಯ ಲೆಕ್ಕವಾಯಿತು. ಹಳೆಯದನ್ನು ನೋಡಿಕೊಂಡು ಹೊಸದರ ಮೇಲೆ ಬರೆಯಲು ಬಿಡುವುದು ತಪ್ಪು. ಎಷ್ಟು ಕಾದರೂ ನೀವು ಓದಿದ್ದು ಹೊಸದಾಗುವುದಿಲ್ಲ. ಹಾಗಾಗಿ ಕಾಯಿಸದೆ ಅಲ್ಲೇ ಹೇಳಿಬಿಡುತ್ತದೆ. ಮದ್ದು ಸುಲಭ. ಬರೆಯುವ ಉದ್ದೇಶ ಇರುವ ಟ್ರಾನ್ಸಾಕ್ಷನ್ನನ್ನು ‘ಬಿಗಿನ್ ಇಮಿಡಿಯೆಟ್’ ಎಂದೇ ಶುರು ಮಾಡಿ. ಆಗ ಬರೆಯುವ ಲಾಕ್ ಮೊದಲೇ ಸಿಗುತ್ತದೆ, ಸಿಗದಿದ್ದರೆ ಟೈಮ್‌ಔಟ್ ಇರುವಷ್ಟು ಹೊತ್ತು ಕಾಯುತ್ತದೆ. ನೀವು ಫ್ರೇಮ್‌ವರ್ಕ್ ಬಳಸುತ್ತಿದ್ದರೆ ಅದು ಒಳಗೊಳಗೇ ಬರೀ ‘ಬಿಗಿನ್’ ಎನ್ನುತ್ತಿರಬಹುದು, ನೋಡಿಕೊಳ್ಳಿ. ಪೈಥಾನಿನ ಫ್ರೇಮ್‌ವರ್ಕ್ ಆದ ಜ್ಯಾಂಗೊ ಇದನ್ನು ಬದಲಿಸುವ ಆಯ್ಕೆ ಕೊಟ್ಟದ್ದು 5.1ನೇ ಆವೃತ್ತಿಯಲ್ಲಿ.

ನನಗೆ ಇನ್ನೂ ಇಷ್ಟವಾದ ಏರ್ಪಾಡು ಒಂದಿದೆ. ಬರೆಯಲು ಒಂದೇ ಸಂಪರ್ಕ ಇಡಿ, ಓದಲು ನಾಲ್ಕೋ ಎಂಟೋ ಇಡಿ. ಬರೆಯುವ ಕೆಲಸಗಳೆಲ್ಲ ನಿಮ್ಮ ಪ್ರೋಗ್ರಾಮಿನ ಒಳಗೇ ಒಂದು ಸರತಿಯಲ್ಲಿ ನಿಂತು, ಆ ಒಂದೇ ಸಂಪರ್ಕದಿಂದ ಒಂದೊಂದಾಗಿ ಹೋಗಲಿ. ಆಗ ಫೈಲಿನ ಮಟ್ಟದಲ್ಲಿ ಕಿತ್ತಾಟವೇ ಇರುವುದಿಲ್ಲ. ಬಂದವರಿಗೆ ಬಂದ ಸಾಲಿನಲ್ಲೇ ಸರದಿ ಸಿಗುತ್ತದೆ. ಎಸ್‌ಕ್ಯೂಎಲೈಟಿನ ಕಾಯುವಿಕೆಯಲ್ಲಿ ಈ ನ್ಯಾಯ ಇಲ್ಲ. ಅಲ್ಲಿ ಕಾಯುವವರು ಸ್ವಲ್ಪ ಮಲಗಿ ಎದ್ದು ‘ಈಗ ಸಿಗುತ್ತಾ’ ಎಂದು ನೋಡುತ್ತಾರೆ. ಅದೃಷ್ಟ ಇಲ್ಲದವರು ಕಾಯುತ್ತಲೇ ಇರುತ್ತಾರೆ.

ಡಿಸ್ಕಿನ ವಿಷಯ. ಕಮಿಟ್ ಎಂದರೆ ‘ಇದು ಡಿಸ್ಕಿಗೆ ಇಳಿಯಿತು’ ಎಂಬ ಭರವಸೆ ಬರುವವರೆಗೆ ಕಾಯುವುದು. ಹಳೆಯ ತಿರುಗುವ ಹಾರ್ಡ್ ಡಿಸ್ಕು ನಿಮಿಷಕ್ಕೆ 7,200 ಸುತ್ತು, ಸೆಕೆಂಡಿಗೆ 120 ಸುತ್ತು. ಒಂದು ಕಮಿಟ್ಟಿಗೆ ಒಂದೆರಡು ಸುತ್ತು ಕಾಯಬೇಕಾದರೆ ಸೆಕೆಂಡಿಗೆ ಕೆಲವು ಹತ್ತು ಕಮಿಟ್ಟಿಗಿಂತ ಮೇಲೆ ಹೋಗಲು ಆಗುವುದಿಲ್ಲ. ಅದೇ ಡಿಸ್ಕಿನಲ್ಲಿ ಒಂದೇ ಟ್ರಾನ್ಸಾಕ್ಷನ್ ಒಳಗೆ ಸೆಕೆಂಡಿಗೆ 50,000 ಸಾಲು ಸೇರಿಸಬಹುದು. ನಿಧಾನ ಆಗುವುದು ಸಾಲಿನಿಂದ ಅಲ್ಲ, ಕಮಿಟ್ಟಿನಿಂದ. ಒಂದು ದೂರಿನ ಜೊತೆ ಐದು ಸಾಲು ಬರೆಯುವುದಿದ್ದರೆ ಐದನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯಿರಿ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಡಿಸ್ಕು ಹಾಕಿ. ವಾಲ್ ಜೊತೆ ‘ಸಿಂಕ್ರೊನಸ್’ ಎಂಬುದನ್ನು ‘ನಾರ್ಮಲ್’ ಮಾಡಿದರೆ ಪ್ರತಿ ಕಮಿಟ್ಟಿಗೂ ಡಿಸ್ಕಿಗೆ ಕಾಯುವುದು ತಪ್ಪುತ್ತದೆ. ಅದರ ಬೆಲೆ ಇಷ್ಟು: ಕರೆಂಟು ಹೋದರೆ ಫೈಲು ಕೆಡುವುದಿಲ್ಲ, ಆದರೆ ಕೊನೆಯ ಕೆಲವು ಕಮಿಟ್ ಕಳೆದುಹೋಗಬಹುದು. ದೂರಿನ ಪಟ್ಟಿಗೆ ನಾನು ಒಪ್ಪುತ್ತೇನೆ. ಹಣದ ಲೆಕ್ಕಕ್ಕಾದರೆ ‘ಫುಲ್’ ಬಿಟ್ಟು ಇಳಿಯುವುದಿಲ್ಲ.

ವಾಲ್ ಹಾಕಿದ ಮೇಲೆ ಒಂದು ಹೊಸ ತೊಂದರೆಗೆ ಕಣ್ಣಿಡಿ. ಓದುವವರು ಒಬ್ಬರು ಟ್ರಾನ್ಸಾಕ್ಷನ್ ತೆರೆದು ಮುಚ್ಚದೆ ಕೂತರೆ, ಅವರಿಗೆ ಹಳೆಯ ಲೆಕ್ಕ ಕಾಣಿಸುತ್ತಿರಬೇಕಾದ್ದರಿಂದ ಚೆಕ್‌ಪಾಯಿಂಟ್ ಪೂರ್ತಿ ಆಗುವುದಿಲ್ಲ. ವಾಲ್ ಫೈಲು ಊದಿಕೊಳ್ಳುತ್ತಾ ಹೋಗುತ್ತದೆ, ಓದು ನಿಧಾನವಾಗುತ್ತದೆ. ಆ ಫೈಲು ನೂರಾರು ಎಂಬಿ ಮುಟ್ಟಿದೆ ಎಂದರೆ ಎಲ್ಲೋ ಒಂದು ಕ್ವೆರಿಯನ್ನು (ಡೇಟಾಬೇಸಿಗೆ ಕೇಳಿದ ಪ್ರಶ್ನೆಯನ್ನು) ಅರ್ಧಕ್ಕೆ ಬಿಟ್ಟಿದ್ದೀರಿ ಎಂದು ತಿಳಿಯಿರಿ.

ಬ್ಯಾಕಪ್ ಬಗ್ಗೆ ಚಿಕ್ಕದಾಗಿ. ಪ್ರೋಗ್ರಾಂ ನಡೆಯುತ್ತಿರುವಾಗ ಮುಖ್ಯ ಫೈಲನ್ನು ಕಾಪಿ ಮಾಡಿಕೊಂಡರೆ ಅದು ಬ್ಯಾಕಪ್ ಅಲ್ಲ. ಹೊಸ ಬರಹ ಇನ್ನೂ ವಾಲ್ ಫೈಲಿನಲ್ಲೇ ಇರುತ್ತದೆ. ಎಸ್‌ಕ್ಯೂಎಲೈಟಿನದೇ ‘ಬ್ಯಾಕಪ್’ ಆದೇಶ ಬಳಸಿ, ಇಲ್ಲವೇ ‘ವ್ಯಾಕ್ಯೂಮ್ ಇನ್‌ಟು’ ಬಳಸಿ. ಅದು ಕೆಲಸ ನಿಲ್ಲಿಸದೆಯೇ ಶುದ್ಧವಾದ ಒಂದು ಹೊಸ ಫೈಲು ಬರೆದುಕೊಡುತ್ತದೆ. ನಿಮಿಷ ನಿಮಿಷದ ಬರಹವೂ ಉಳಿಯಬೇಕಾದರೆ ಲೈಟ್‌ಸ್ಟ್ರೀಮ್ ಎಂಬ ಉಚಿತ ಪ್ರೋಗ್ರಾಂ ಇದೆ. ವಾಲ್‌ಗೆ ಸೇರಿದ್ದನ್ನು ಅದು ಆಗಿಂದಾಗ್ಗೆ ಬೇರೆ ಕಡೆ ಕಳಿಸುತ್ತಿರುತ್ತದೆ.

ನೀವು ಕೇಳಿದ್ದು ‘ಬೇರೆ ಯಾವುದಿದೆ’ ಎಂದು. ಅದಕ್ಕೂ ಉತ್ತರ ಕೊಡಬೇಕು. ನಾನು ನಿಮ್ಮ ಜಾಗದಲ್ಲಿದ್ದು, ಮಧ್ಯದ ಪ್ರೋಗ್ರಾಂ ಬರೆಯಲು ಆಗುವುದೇ ಇಲ್ಲ ಎಂದಾದರೆ ಫೈರ್‌ಬರ್ಡ್ ಕಡೆ ನೋಡುತ್ತಿದ್ದೆ. 2000ದಲ್ಲಿ ಇಂಟರ್‌ಬೇಸಿನ ಮೂಲ ಕೋಡು ಎಲ್ಲರಿಗೂ ತೆರೆದಾಗ ಅದರಿಂದ ಹುಟ್ಟಿದ್ದು ಅದು. ಡೇಟಾಬೇಸ್ ಒಂದೇ ಫೈಲಿನಲ್ಲಿ ಇರುತ್ತದೆ. ಲೈಬ್ರರಿಯಾಗಿಯೂ ಬಳಸಬಹುದು, ಅದೇ ಫೈಲನ್ನು ಸಣ್ಣ ಸರ್ವರಿಗೂ ಕೊಡಬಹುದು. ನಿಮಗೆ ಬೇಕಾದ್ದು ಸರ್ವರ್ ರೂಪ. ಪ್ರತಿ ಸಾಲಿನ ಹಳೆಯ ರೂಪವನ್ನೂ ಹೊಸ ರೂಪವನ್ನೂ ಜೊತೆಯಲ್ಲಿ ಇಟ್ಟುಕೊಳ್ಳುವುದರಿಂದ ಹಲವರು ಒಟ್ಟಿಗೆ ಬರೆಯಬಹುದು. ಒಂದೇ ಸಾಲಿಗೆ ಇಬ್ಬರು ಕೈ ಹಾಕಿದಾಗ ಮಾತ್ರ ಜಗಳ. ನೋಡಿಕೊಳ್ಳುವ ಕೆಲಸ ಬಹಳ ಕಡಿಮೆ. ಟ್ರಾನ್ಸಾಕ್ಷನ್ ತೆರೆದಿಟ್ಟು ಮರೆತರೆ ಹಳೆಯ ರೂಪಗಳು ರಾಶಿ ಬೀಳುತ್ತವೆ, ಅಷ್ಟು ಎಚ್ಚರ ಸಾಕು.

ಜಾವಾದಲ್ಲಿ ಬರೆಯುವವರಾದರೆ ಎಚ್2 ಇದೆ. ಮೊದಲು ಫೈಲು ತೆರೆದವರೇ ಉಳಿದವರಿಗೆ ಸರ್ವರ್ ಆಗುವ ಒಂದು ಜಾಣ ಏರ್ಪಾಡು ಅದರಲ್ಲಿದೆ. ಆದರೆ 150 ಜನರ ಕೆಲಸ ಮೊದಲು ಬಂದು ಕೂತ ಒಬ್ಬರ ಕಂಪ್ಯೂಟರನ್ನು ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಎಲ್‌ಎಮ್‌ಡಿಬಿ ಓದುವುದರಲ್ಲಿ ಬಹಳ ಚುರುಕು, ಆದರೆ ಎಸ್‌ಕ್ಯೂಎಲ್ ಎಂಬ ಕ್ವೆರಿ ಭಾಷೆ ಇಲ್ಲ, ಬರೀ ಕೀಲಿ-ಬೆಲೆ ಜೋಡಿ (ಒಂದು ಹೆಸರು, ಅದಕ್ಕೊಂದು ಮಾಹಿತಿ), ಬರೆಯುವವರು ಅಲ್ಲೂ ಒಬ್ಬರೇ. ಲೆವೆಲ್‌ಡಿಬಿ ಮತ್ತು ರಾಕ್ಸ್‌ಡಿಬಿ ಫೈಲುಗಳನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ತೆರೆದು ಬರೆಯಬೇಕು. ಡಕ್‌ಡಿಬಿ ಈಗ ಎಲ್ಲರ ಬಾಯಲ್ಲೂ ಇದೆ, ನನಗೂ ಬಹಳ ಇಷ್ಟ, ಆದರೆ ಅದು ದೊಡ್ಡ ಪಟ್ಟಿಗಳನ್ನು ಕೂಡಿಸಿ ವಿಶ್ಲೇಷಿಸಲು. ಸಣ್ಣ ಸಣ್ಣ ಬರಹಗಳು ಸದಾ ಬರುವ ಕೆಲಸಕ್ಕೆ ಅಲ್ಲ.

ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಡೇಟಾಬೇಸ್ ಸರ್ವರಿಗೆ ಹೋಗಲೇಬೇಕಾದ ಸಂದರ್ಭಗಳೂ ಇವೆ. ಒಂದು ಕಂಪ್ಯೂಟರ್ ನಿಂತರೆ ಇನ್ನೊಂದು ತಕ್ಷಣ ಕೆಲಸ ಎತ್ತಿಕೊಳ್ಳಬೇಕು ಎಂದಾದಾಗ. ನಿಮ್ಮ ಅಪ್ಲಿಕೇಶನ್ ಎರಡು ಮೂರು ಯಂತ್ರಗಳಲ್ಲಿ ಓಡಬೇಕು ಎಂದಾದಾಗ. ಚಿಕ್ಕದು ಮಾಡಲಾಗದ ಉದ್ದದ ಬರಹಗಳು ಒಟ್ಟೊಟ್ಟಿಗೆ ಬರುವಾಗ. ಅಂಥ ದಿನ ಬರಬಹುದು ಎಂದು ಈಗಲೇ ಸಣ್ಣ ತಯಾರಿ ಮಾಡಿಡಿ. ಟೇಬಲ್‌ಗಳನ್ನು ‘ಸ್ಟ್ರಿಕ್ಟ್’ ಎಂದು ಮಾಡಿ. 2021ರ 3.37 ಆವೃತ್ತಿಯಿಂದ ಅದು ಸಿಗುತ್ತದೆ. ಇಲ್ಲದಿದ್ದರೆ ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದರೂ ಎಸ್‌ಕ್ಯೂಎಲೈಟ್ ಸುಮ್ಮನೆ ತುಂಬಿಕೊಳ್ಳುತ್ತದೆ, ಸಾಗಿಸುವ ದಿನ ನೀವು ಪರದಾಡುತ್ತೀರಿ.

ನನ್ನ ಮಾತನ್ನು ಹಾಗೇ ನಂಬಬೇಡಿ, ಅಳೆದು ನೋಡಿ. 150 ಥ್ರೆಡ್‌ಗಳ (ಒಟ್ಟಿಗೆ ಓಡುವ ಕೆಲಸಗಳ) ಒಂದು ಪರೀಕ್ಷಾ ಪ್ರೋಗ್ರಾಂ ಬರೆದು, ನಿಜವಾದ ಕ್ವೆರಿಗಳನ್ನೇ ಓಡಿಸಿ. ಪ್ರತಿ ಬರಹ ಲಾಕಿಗಾಗಿ ಎಷ್ಟು ಕಾಯಿತು, ಲಾಕನ್ನು ಎಷ್ಟು ಹೊತ್ತು ಹಿಡಿಯಿತು ಎಂದು ಬೇರೆ ಬೇರೆ ಬರೆದುಕೊಳ್ಳಿ. ಸರಾಸರಿ ನೋಡಿ ಸಮಾಧಾನಪಡಬೇಡಿ. ತೀರಾ ನಿಧಾನವಾದ ನೂರರಲ್ಲಿ ಒಂದನ್ನು ನೋಡಿ. ಜನ ನಿಮಗೆ ಫೋನ್ ಮಾಡುವುದು ಅದಕ್ಕೇ.

ಕೊನೆಗೆ, ಕೆಟ್ಟ ಫೈಲು. ಹೌದು, ಬಹಳಷ್ಟು ಉಳಿಸಿಕೊಳ್ಳಬಹುದು. ಮೊದಲು ಎಲ್ಲರ ಸಾಫ್ಟ್‌ವೇರ್ ಮುಚ್ಚಿಸಿ. ಫೈಲನ್ನೂ, ಅದರ ಪಕ್ಕದಲ್ಲಿ ಅದೇ ಹೆಸರಿನ ಹಿಂದೆ ‘ಜರ್ನಲ್’ ಅಥವಾ ‘ವಾಲ್’ ಎಂದಿರುವ ಫೈಲನ್ನೂ ಸೇರಿಸಿ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆ ಪಕ್ಕದ ಫೈಲನ್ನು ಬೇಡದ ಕಸ ಎಂದು ಅಳಿಸಬೇಡಿ. ಅರ್ಧಕ್ಕೆ ನಿಂತ ಬರಹವನ್ನು ಸರಿಪಡಿಸುವ ಮಾಹಿತಿ ಇರುವುದು ಅದರಲ್ಲೇ. ಎಷ್ಟೋ ಜನ ಅದನ್ನು ಅಳಿಸಿಯೇ ಫೈಲನ್ನು ಪೂರ್ತಿ ಕೆಡಿಸಿಕೊಂಡಿದ್ದಾರೆ. ಆಮೇಲೆ ಕಾಪಿಯ ಮೇಲೆ ‘ಇಂಟೆಗ್ರಿಟಿ ಚೆಕ್’ ಓಡಿಸಿ. ಬರೀ ಇಂಡೆಕ್ಸ್ ಕೆಟ್ಟಿದೆ ಎಂದು ಬಂದರೆ ‘ರೀಇಂಡೆಕ್ಸ್’ ಕೊಟ್ಟರೆ ಮುಗಿಯಿತು, ಸಾಲುಗಳು ಹೋಗಿರುವುದಿಲ್ಲ. ಟೇಬಲ್ಲಿನ ಪುಟಗಳೇ ಕೆಟ್ಟಿದ್ದರೆ ಎಸ್‌ಕ್ಯೂಎಲೈಟಿನ ಕಮಾಂಡ್ ಲೈನಿನಲ್ಲಿ ‘ರಿಕವರ್’ ಆದೇಶ ಇದೆ. ಸಿಕ್ಕಷ್ಟು ಸಾಲುಗಳನ್ನು ಹೆಕ್ಕಿ ಎಸ್‌ಕ್ಯೂಎಲ್ ರೂಪದಲ್ಲಿ ಕೊಡುತ್ತದೆ. ಅದನ್ನು ಹೊಸ ಖಾಲಿ ಫೈಲಿಗೆ ತುಂಬಿ, ಹಳೆಯ ಬ್ಯಾಕಪ್ ಜೊತೆ ದೂರಿನ ಸಂಖ್ಯೆಗಳನ್ನು ಹೋಲಿಸಿ. ಯಾವ ಸಂಖ್ಯೆಗಳು ಕಾಣೆಯಾಗಿವೆ ಎಂಬ ಪಟ್ಟಿ ಸಿಗುತ್ತದೆ. ಅಷ್ಟನ್ನು ಮಾತ್ರ ಬರೆದವರ ಹತ್ತಿರ ಕೇಳಿ ಮತ್ತೆ ಸೇರಿಸಿ. ಆ ಹೊಸ ಫೈಲನ್ನು ಶೇರ್ಡ್ ಫೋಲ್ಡರಿಗೆ ವಾಪಸ್ ಹಾಕದೆ, ನೇರವಾಗಿ ಸರ್ವರ್ ಕಂಪ್ಯೂಟರಿನ ಡಿಸ್ಕಿಗೇ ಇಳಿಸಿ.